ಬರ್ಫದ ಮೀನು ಹಳೇದೇನ್ರಿ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಮೀನು ಕೊಳ್ಳುವಾಗ ಕೇಳುವ ಮಾತು: "ಬರ್ಫದಾಗಿಂದು ಬ್ಯಾಡ್ರಿ, ಹಿಡಕಲ್ಲಿಂದು ಕೊಡ್ರಿ." ಘಟಪ್ರಭೆಯ ಹಿಡಕಲ್ ಜಲಾಶಯ ಹುಕ್ಕೇರಿ ತಾಲ್ಲೂಕಿನಲ್ಲೇ ಇದೆ. ಅಲ್ಲಿನ ಕಾಟ್ಲಾ, ರೋಹುವಿನ ಮಟ್ಟಿಗೆ ಮಾತು ಸರಿ. ಸಮುದ್ರದ ಮೀನಿಗೂ ಅದೇ ಲೆಕ್ಕ ಹಚ್ಚಿದರೆ ತಪ್ಪುತ್ತದೆ.

ಆಳಸಮುದ್ರಕ್ಕೆ ಹೋದ ಟ್ರಾಲ್ ದೋಣಿ ದಡ ಸೇರಲು ಎಷ್ಟೋ ಸಲ ವಾರವೇ ಹಿಡಿಯುತ್ತದೆ. ಮೊದಲ ದಿನ ಬಲೆಗೆ ಬಿದ್ದದ್ದು ಅಷ್ಟೂ ದಿನ ಬರ್ಫದಲ್ಲೇ ಇದ್ದು, ಆಮೇಲೆ ಘಟ್ಟ ಹತ್ತಿ ಇಲ್ಲಿಗೆ ಬಂದಾಗ "ತಾಜಾ" ಎನಿಸಿಕೊಳ್ಳುತ್ತದೆ. ಬರ್ಫ ಕೊಳೆಯುವುದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಆದರೆ ರಫ್ತು ಕಾರ್ಖಾನೆಯಲ್ಲಿ ಮೈನಸ್ 40 ಡಿಗ್ರಿಯ ಆಸುಪಾಸಿನ ಚಳಿಯಲ್ಲಿ ಮೀನನ್ನು ಗಂಟೆಗಳೊಳಗೆ ಕಲ್ಲಾಗಿಸಿ, ಮುಂದೆ ಮೈನಸ್ 18ರಲ್ಲಿ ಇಡುತ್ತಾರೆ. ಬ್ಯಾಕ್ಟೀರಿಯಾ ಅಲ್ಲಿ ಬೆಳೆಯಲಾರವು. ಬೇಗ ಹೆಪ್ಪುಗಟ್ಟಿದರೆ ಮಂಜಿನ ಹರಳು ಸಣ್ಣವು. ಮನೆಯ ಫ್ರಿಜ್ಜಿನಲ್ಲಿ ಮೀನು ನಿಧಾನವಾಗಿ ಹೆಪ್ಪುಗಟ್ಟುವುದರಿಂದ ದೊಡ್ಡ ಹರಳುಗಳು ಮಾಂಸದ ಎಳೆ ಹರಿಯುತ್ತವೆ; ಕರಗಿದಾಗ ನೀರು ಬಿಟ್ಟು ಮೆತ್ತಗಾಗುತ್ತದೆ. ಫ್ರಿಜ್ಜಿನ ತಪ್ಪನ್ನು ಜನ ಕಾರ್ಖಾನೆಯ ತಲೆಗೆ ಕಟ್ಟಿದ್ದಾರೆ, ಅಷ್ಟೇ.

"ಒಳ್ಳೇದೆಲ್ಲ ಹೊರದೇಶಕ್ಕೆ, ಉಳಿದದ್ದು ನಮಗೆ" ಎಂಬ ದೂರೂ ಅರ್ಧ ಸತ್ಯ. 2023-24ರಲ್ಲಿ ಭಾರತ ಸುಮಾರು 17.8 ಲಕ್ಷ ಟನ್ ಸಾಗರೋತ್ಪನ್ನ ಕಳಿಸಿ 60,500 ಕೋಟಿ ರೂಪಾಯಿ ಗಳಿಸಿತು. ಆ ಗಳಿಕೆಯ ಮೂರನೇ ಎರಡು ಪಾಲು ಫ್ರೋಜನ್ ಸಿಗಡಿಯದು. ಬಹುಪಾಲು ಕೊಳದಲ್ಲಿ ಸಾಕಿದ್ದು, ಆಂಧ್ರವೇ ಮುಂದು. ನಮ್ಮ ಕರಾವಳಿಯಿಂದ ಹೋಗುವುದರಲ್ಲಿ ಬೊಂಡಾಸ್ (ಸ್ಕ್ವಿಡ್) ಇದೆ, ಚೀನಾದವರು ಬಯಸುವ ರಿಬ್ಬನ್ ಮೀನಿದೆ; ಇನ್ನು ಮದ್ಮಲಿನಂಥ ಅಗ್ಗದ ಮೀನು ಅರೆದು, ತೊಳೆದು, ಸುರಿಮಿ ಎಂಬ ಬಿಳಿ ಮುದ್ದೆಯಾಗಿ ಹೋಗುತ್ತದೆ. ಪೇಟೆಯಲ್ಲಿ ಏಡಿ ಕಡ್ಡಿ ಎಂದು ಮಾರುವುದರಲ್ಲಿ ಏಡಿಗಿಂತ ಇದೇ ಹೆಚ್ಚು.

ಮೀನಿನ ಮೇಲಿನ ಮಂಜಿನ ತೆಳು ಪದರ ಮೋಸವಲ್ಲ, ಒಣಗದಂತೆ ಹಾಕಿದ ಹೊದಿಕೆ. ಅದನ್ನೂ ಮೀನಿನ ತೂಕಕ್ಕೆ ಸೇರಿಸಿ ದುಡ್ಡು ತೆಗೆದುಕೊಂಡರೆ ಮಾತ್ರ ಮೋಸ. ಪೊಟ್ಟಣದಲ್ಲಿ ನಿವ್ವಳ ತೂಕ ನೋಡಿ.

ಹಾಗಂತ ಹೆಪ್ಪುಗಟ್ಟಿಸಿದರೆ ಎಲ್ಲವೂ ಸರಿಹೋಗುತ್ತದೆ ಅಂದುಕೊಳ್ಳುವುದು ಇನ್ನೂ ದೊಡ್ಡ ತಪ್ಪು. ಬಿಸಿಲಲ್ಲಿ ಬಿದ್ದ ಬಂಗಡೆಯಲ್ಲಿ ಹಿಸ್ಟಮಿನ್ ಎಂಬ ವಿಷ ಒಮ್ಮೆ ಹುಟ್ಟಿತೆಂದರೆ ಚಳಿಗೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ತಿನ್ನುವಾಗ ನಾಲಿಗೆ ಚುರುಗುಟ್ಟಿ, ಸ್ವಲ್ಪ ಹೊತ್ತಿಗೇ ಮುಖ ಕೆಂಪಗಾದರೆ ಮಸಾಲೆಯನ್ನು ಬೈಯದೆ ಡಾಕ್ಟರ ಹತ್ತಿರ ಹೋಗಿ.