ನಿಮಗಿದು ಗೊತ್ತೇ? ಮಲೆನಾಡಿಗೂ ಬಂತು ತೂಕ ಇಳಿಸುವ ಇಂಜೆಕ್ಷನ್

"ವಾರಕ್ಕೊಂದು ಇಂಜೆಕ್ಷನ್ ತಗಂಡ್ರೆ ಸಾಕಂತೆ, ಹೊಟ್ಟೆ ತಾನೇ ಕರಗ್ತದಂತೆ." ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮದುವೆ ಮನೆಗಳಲ್ಲೂ ಈಗ ಈ ಮಾತು ಕೇಳುತ್ತದೆ. ಔಷಧಿ ನಿಜವಾದದ್ದು, ಪರಿಣಾಮವೂ ನಿಜವಾದದ್ದು. ಆದರೆ ತಜ್ಞ ವೈದ್ಯರು ಪಕ್ಕದ ಬೀದಿಯಲ್ಲೇ ಇರುವ ಬೆಂಗಳೂರಿನವರೂ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಕಾಣದ ನಮ್ಮವರೂ ಇದನ್ನು ಒಂದೇ ರೀತಿ ಬಳಸಲು ಆಗದು. ಸೂಜಿ ಹಿಡಿಯುವ ಮೊದಲು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಈ ಔಷಧಿ ಕೊಬ್ಬನ್ನು ನೇರವಾಗಿ ಕರಗಿಸುವುದೇ ಇಲ್ಲ, ಗೊತ್ತೇ? ಉಂಡ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತದೆ. ಅದು ಇನ್ಸುಲಿನ್ ಸ್ರವಿಸುವಂತೆ ಮಾಡುತ್ತದೆ, ಜಠರ ಬೇಗ ಖಾಲಿಯಾಗದಂತೆ ತಡೆಯುತ್ತದೆ, ಮಿದುಳಿಗೆ ಹೊಟ್ಟೆ ತುಂಬಿದ ಸುದ್ದಿ ಮುಟ್ಟಿಸುತ್ತದೆ. ಇಂಜೆಕ್ಷನ್ನಿನಲ್ಲಿರುವುದು ಅದೇ ಕೆಲಸ ಮಾಡುವ ಅಣು. ಹಸಿವು ತಗ್ಗುತ್ತದೆ, ಊಟ ಕಡಿಮೆಯಾಗುತ್ತದೆ, ಅದರಿಂದ ತೂಕ ಇಳಿಯುತ್ತದೆ.

ಕರುಳಿನ ಸ್ವಂತ ಜಿಎಲ್‌ಪಿ-1 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಎರಡು ನಿಮಿಷ ಸಾಕು. ಇಂಜೆಕ್ಷನ್ನಿನಲ್ಲಿರುವ ಅಣುಗಳಲ್ಲಿ ಒಂದಾದ ಸೆಮಾಗ್ಲುಟೈಡ್ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಆ ಅಣುವಿಗೆ ಕೊಬ್ಬಿನಾಮ್ಲದ ಒಂದು ಎಳೆ ಜೋಡಿಸಿದ್ದಾರೆ, ಅದು ರಕ್ತದ ಅಲ್ಬುಮಿನ್‌ಗೆ ಅಂಟಿಕೊಂಡು ತಿರುಗುತ್ತಿರುತ್ತದೆ. ವಾರಕ್ಕೊಂದೇ ಚುಚ್ಚು ಸಾಕಾಗುವುದು ಇದರಿಂದಲೇ. ವಾಂತಿ ಶುರುವಾಯಿತೆಂದು ನಿಲ್ಲಿಸಿದರೂ ಔಷಧಿ ಮರುದಿನವೇ ಮೈಬಿಟ್ಟು ಹೋಗದಿರುವುದೂ ಇದರಿಂದಲೇ.

ಈ ಬಗೆಯ ಔಷಧಿಗಳಲ್ಲಿ ಮೊದಲು ಮಾರುಕಟ್ಟೆಗೆ ಬಂದದ್ದರ ಮೂಲ ಒಂದು ವಿಷದ ಹಲ್ಲಿ! ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ಆ ಪ್ರಾಣಿಯ ವಿಷದಲ್ಲಿ ಜಿಎಲ್‌ಪಿ-1 ಅನ್ನು ಹೋಲುವ ಎಕ್ಸೆಂಡಿನ್-4 ಎಂಬ ಅಣು ಇರುವುದನ್ನು ನ್ಯೂಯಾರ್ಕಿನ ವೈದ್ಯ ಜಾನ್ ಎಂಗ್ 1992ರಲ್ಲಿ ಪ್ರಕಟಿಸಿದರು. ಅದರಿಂದ ಹುಟ್ಟಿದ ಎಕ್ಸೆನಟೈಡ್‌ಗೆ ಸಕ್ಕರೆ ಕಾಯಿಲೆಯ ಔಷಧಿಯಾಗಿ ಅಮೆರಿಕದಲ್ಲಿ 2005ರಲ್ಲಿ ಒಪ್ಪಿಗೆ ಸಿಕ್ಕಿತು.

ತೂಕಕ್ಕೆಂದು ಹಾರ್ಮೋನ್ ಚುಚ್ಚಿಸಿಕೊಳ್ಳುವುದು ಹೊಸತಲ್ಲ. ಮುಂಬೈ ಸೇರಿದಂತೆ ಭಾರತದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ್ದ ಆಲ್ಬರ್ಟ್ ಸೀಮಿಯನ್ಸ್ ಎಂಬ ವೈದ್ಯರು 1954ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಎಚ್‌ಸಿಜಿ ಎಂಬ ಗರ್ಭಿಣಿಯರ ಹಾರ್ಮೋನಿನ ಇಂಜೆಕ್ಷನ್ನಿನಿಂದ ಬೊಜ್ಜು ಇಳಿಯುತ್ತದೆಂದು ಬರೆದರು. ಜತೆಗೆ ದಿನಕ್ಕೆ 500 ಕ್ಯಾಲೊರಿಯಷ್ಟೇ ಆಹಾರ. ಅರೆಹೊಟ್ಟೆಯಿಂದ ಇಳಿದ ತೂಕದ ಕೀರ್ತಿ ಸೂಜಿಗೆ ಹೋಯಿತು. ಎಚ್‌ಸಿಜಿಯಿಂದ ತೂಕ ಇಳಿಯುವುದಿಲ್ಲವೆಂದು ಮುಂದಿನ ಪರೀಕ್ಷೆಗಳು ತೋರಿಸಿಕೊಟ್ಟವು. ಇಂದಿಗೂ ಯಾರಾದರೂ "ಹಾರ್ಮೋನ್ ಇಂಜೆಕ್ಷನ್" ಎಂದಷ್ಟೇ ಹೇಳಿದರೆ ಒಪ್ಪಬೇಡಿ, ಔಷಧಿಯ ಹೆಸರನ್ನು ಬರೆಸಿಕೊಳ್ಳಿ.

ಹೆಸರುಗಳು ಇವು. ಟಿರ್ಜೆಪಟೈಡ್ ಇರುವ ಮೌಂಜಾರೊ ಭಾರತಕ್ಕೆ ಬಂದದ್ದು 2025ರ ಮಾರ್ಚ್‌ನಲ್ಲಿ, ಸೆಮಾಗ್ಲುಟೈಡ್ ಇರುವ ವೆಗೊವಿ ಅದೇ ವರ್ಷದ ಜೂನ್‌ನಲ್ಲಿ. ಟಿರ್ಜೆಪಟೈಡ್ ಜಿಎಲ್‌ಪಿ-1 ಜತೆಗೆ ಜಿಐಪಿ ಎಂಬ ಇನ್ನೊಂದು ಕರುಳ ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಬಂದ ಹೊಸತರಲ್ಲಿ ಮೌಂಜಾರೊ 5 ಮಿಗ್ರಾಂ ಬಾಟಲಿಗೆ 4,375 ರೂಪಾಯಿ. ವಾರಕ್ಕೊಂದರಂತೆ ಲೆಕ್ಕ ಹಾಕಿದರೆ ವರ್ಷಕ್ಕೆ ಎರಡು ಲಕ್ಷ ದಾಟುತ್ತಿತ್ತು. ಸೆಮಾಗ್ಲುಟೈಡ್‌ನ ಭಾರತೀಯ ಪೇಟೆಂಟ್ 2026ರ ಮಾರ್ಚ್‌ನಲ್ಲಿ ಮುಗಿದು, ಬೇರೆ ಕಂಪನಿಗಳಿಗೂ ದಾರಿಯಾಯಿತು.

ನಮ್ಮ ಬೆಂಗಳೂರಿನ ಬಯೋಕಾನ್ ಇದೇ ಕುಟುಂಬದ ಲಿರಾಗ್ಲುಟೈಡ್‌ನ ಜೆನೆರಿಕ್ ತಯಾರಿಸಿ 2024ರಲ್ಲಿ ಬ್ರಿಟನ್ನಿನ ಒಪ್ಪಿಗೆ ಪಡೆದಿದೆ. ಅದು ದಿನಾ ಚುಚ್ಚಿಕೊಳ್ಳುವ ಔಷಧಿ.

ಎಷ್ಟು ತೂಕ ಇಳಿಯುತ್ತದೆ? 1,961 ಜನರ ಮೇಲೆ ನಡೆದ, 2021ರಲ್ಲಿ ಪ್ರಕಟವಾದ ಸ್ಟೆಪ್-1 ಅಧ್ಯಯನದಲ್ಲಿ ಸೆಮಾಗ್ಲುಟೈಡ್ ಪಡೆದವರು 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ಇಳಿದರು. ಔಷಧಿಯಿಲ್ಲದ ಸೂಜಿ ಪಡೆದವರು ಇಳಿದದ್ದು ಶೇ 2.4. ಎಂದರೆ 90 ಕೆಜಿ ಇದ್ದವರು ಹದಿಮೂರು ಕೆಜಿಯಷ್ಟು ಹಗುರಾದರು. ಇಷ್ಟು ಪರಿಣಾಮ ಕೊಡುವ ಔಷಧಿ ಬೊಜ್ಜಿಗೆ ಹಿಂದೆ ಇರಲಿಲ್ಲ. ಮಂಡಿನೋವು, ಬಿಪಿ, ಶುಗರಿನಿಂದ ನರಳುವವರಿಗೆ ಇದು ದೊಡ್ಡ ಆಸರೆ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಹೃದಯದ ಕಾಯಿಲೆಯಿದ್ದ 17,604 ಮಂದಿಯ ಇನ್ನೊಂದು ಅಧ್ಯಯನದಲ್ಲಿ ಹೃದಯಾಘಾತ, ಲಕ್ವ ಮತ್ತು ಹೃದಯ ಸಂಬಂಧಿ ಸಾವು ಒಟ್ಟಾರೆ ಶೇ 20ರಷ್ಟು ಕಡಿಮೆಯಾದವು.

ನಿಲ್ಲಿಸಿದರೆ? ಅದೇ ಸ್ಟೆಪ್-1ರಲ್ಲಿ ಇದ್ದವರನ್ನು ಔಷಧಿ ನಿಲ್ಲಿಸಿ ಒಂದು ವರ್ಷದ ನಂತರ ತೂಗಿದಾಗ, ಇಳಿದದ್ದರಲ್ಲಿ ಮೂರನೇ ಎರಡು ಭಾಗ ವಾಪಸು ಬಂದಿತ್ತು. ಬಿಪಿ ಮಾತ್ರೆ ನಿಲ್ಲಿಸಿದರೆ ಬಿಪಿ ಏರುವ ಹಾಗೆಯೇ ಇದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2025ರ ಡಿಸೆಂಬರಿನ ಮಾರ್ಗಸೂಚಿಯಲ್ಲಿ ಬೊಜ್ಜನ್ನು ದೀರ್ಘಕಾಲದ ಕಾಯಿಲೆಯೆಂದೇ ಪರಿಗಣಿಸಿ ದೀರ್ಘಾವಧಿಯ ಬಳಕೆಯ ಮಾತಾಡಿತು, ಆಹಾರ ಮತ್ತು ವ್ಯಾಯಾಮವನ್ನು ಜತೆಗಿಟ್ಟಿತು.

"ಮಗಳ ಮದುವೆಗೆ ಮೂರು ತಿಂಗಳಿದೆ, ಅಷ್ಟರಲ್ಲಿ ಇಳಿಸಿಕೊಡಿ" ಎಂದು ಕೇಳುವವರಿದ್ದಾರೆ. ವೆಗೊವಿ 0.25 ಮಿಗ್ರಾಂನಿಂದ ಶುರುವಾಗಿ ನಾಲ್ಕು ನಾಲ್ಕು ವಾರಕ್ಕೊಮ್ಮೆ 0.5, 1, 1.7 ಎಂದು ಏರಿ 2.4ಕ್ಕೆ ಮುಟ್ಟಲು 16 ವಾರ ಬೇಕು. ಮೂರು ತಿಂಗಳಲ್ಲಿ ಪೂರ್ಣ ಡೋಸಿಗೇ ಬಂದಿರುವುದಿಲ್ಲ. ಅವಸರದಲ್ಲಿ ಮೆಟ್ಟಿಲು ಹಾರಿದವರಿಗೆ ವಾಕರಿಕೆ, ವಾಂತಿ, ಭೇದಿ ಜೋರಾಗಿ ಕಾಡುತ್ತವೆ, ನೀರು ಬತ್ತಿ ಮೂತ್ರಪಿಂಡಕ್ಕೂ ಪೆಟ್ಟಾಗಬಹುದು.

ಯಾರಿಗೆ ಕೊಡಬಹುದು? ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30 ಅಥವಾ ಹೆಚ್ಚು ಇರುವವರಿಗೆ, ಇಲ್ಲವೇ 27 ಅಥವಾ ಹೆಚ್ಚಿದ್ದು ಜತೆಗೆ ಬಿಪಿ, ಶುಗರಿನಂಥ ಕಾಯಿಲೆ ಇರುವವರಿಗೆ. ಐದು ಅಡಿ ಎರಡು ಅಂಗುಲ ಎತ್ತರದವರಿಗೆ 30 ಎಂದರೆ ಸುಮಾರು 74 ಕೆಜಿ, 27 ಎಂದರೆ 67 ಕೆಜಿ. 60 ಕೆಜಿಯಿಂದ 55ಕ್ಕೆ ಇಳಿಯಬೇಕೆನ್ನುವವರಿಗಾಗಿ ಇದನ್ನು ಮಾಡಿದ್ದಲ್ಲ.

ಆದರೂ ತೂಕದ ಯಂತ್ರವನ್ನೇ ನೆಚ್ಚಬೇಡಿ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಗೆಳೆಯ ಯಡ್ಕಿನ್ ತಮ್ಮದೇ ಫೋಟೊವನ್ನು 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ಹಾಕಿದರು. ಇಬ್ಬರ ಬಿಎಂಐ 22.3. ಬ್ರಿಟಿಷರ ಮೈಯಲ್ಲಿ ಕೊಬ್ಬು ಶೇ 9.1, ಭಾರತೀಯರ ಮೈಯಲ್ಲಿ ಶೇ 21.2. ನಮ್ಮಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಿದರೆ ಶುಗರ್ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಟೇಪು ದರ್ಜಿಯವರ ಬಳಿಯೂ ಸಿಗುತ್ತದೆ.

ಕರ್ನಾಟಕದಲ್ಲಿ ಹತ್ತರಲ್ಲಿ ಮೂವರು ವಯಸ್ಕರ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ.

ಈಗ ಫ್ರಿಜ್ಜಿನ ವಿಷಯ. ಬಳಸಲು ಶುರು ಮಾಡದ ಇಂಜೆಕ್ಷನ್ ಪೆನ್ನು, ಬಾಟಲಿಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಆಗುಂಬೆ, ಹುಲಿಕಲ್ ಸುತ್ತ ಜುಲೈನಲ್ಲಿ ಮರ ಬಿದ್ದು ಲೈನ್ ಹರಿದರೆ ಏನು ಮಾಡುವುದು? ಗಾಬರಿ ಬೇಡ. ಮೌಂಜಾರೊ ಬಾಟಲಿ 30 ಡಿಗ್ರಿ ಮೀರದ ಜಾಗದಲ್ಲಿ 21 ದಿನ ತಡೆಯುತ್ತದೆ, ಮಳೆಗಾಲದ ಮಲೆನಾಡಿನ ಮನೆಯೊಳಗೆ ಅಷ್ಟು ಸೆಕೆ ಇರುವುದಿಲ್ಲ. ಬೇರೆ ಪೆನ್ನುಗಳ ಅವಧಿ ಬೇರೆ ಬೇರೆ, ಪೊಟ್ಟಣದೊಳಗಿನ ಚೀಟಿ ನೋಡಿ. ಕರೆಂಟು ಹೋದ ದಿನಾಂಕವನ್ನು ಪೊಟ್ಟಣದ ಮೇಲೆ ಬರೆದಿಡಿ. ಹೆಚ್ಚಿನ ಅಪಾಯ ಎರಡು ಕಡೆಯಿಂದ: ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರು, ಮತ್ತು ಫ್ರೀಜರ್. ಐಸ್ ಗಡ್ಡೆಗೆ ತಾಗಿ ಒಮ್ಮೆ ಹೆಪ್ಪುಗಟ್ಟಿದ ಔಷಧಿ ಕರಗಿ ಮೊದಲಿನಂತೆ ಕಂಡರೂ ಎಸೆಯಬೇಕು. ಶಿವಮೊಗ್ಗದಿಂದ ಬಸ್ಸಿನಲ್ಲಿ ತರುವಾಗ ಐಸ್ ಪ್ಯಾಕಿಗೂ ಪೆನ್ನಿಗೂ ನಡುವೆ ದಪ್ಪ ಬಟ್ಟೆ ಸುತ್ತಿ.

ಹಸಿವಿಲ್ಲವೆಂದು ಎರಡು ತುತ್ತು ಗಂಜಿ, ಒಂದು ಅಪ್ಪೆಮಿಡಿಯಲ್ಲಿ ದಿನ ಕಳೆದರೆ ಕೊಬ್ಬಿನ ಜತೆ ಸ್ನಾಯುವೂ ಇಳಿಯುತ್ತದೆ, ಗೊತ್ತೇ? ಐವತ್ತು ದಾಟಿದವರಿಗೆ ಇದು ತೋಟದ ಇಳಿಜಾರಿನಲ್ಲಿ ಕಾಲು ಸೋಲುವ ತೊಂದರೆ. ಮೊದಲ ತುತ್ತು ಹೆಸರುಕಾಳು, ಹುರುಳಿ, ಮೊಸರು, ಮೊಟ್ಟೆ, ಮೀನು ಯಾವುದು ನಿಮ್ಮ ಮನೆಯಲ್ಲಿ ನಡೆಯುತ್ತದೋ ಅದು ಇರಲಿ. ಅನ್ನ, ಕಡುಬು ಆಮೇಲೆ. ಕರಿದ ಹಪ್ಪಳ, ಸಂಡಿಗೆ ವಾಕರಿಕೆ ಹೆಚ್ಚಿಸುತ್ತವೆ. ತೆಳ್ಳನೆಯ ತಂಬುಳಿಯನ್ನು ಗುಟುಕು ಗುಟುಕಾಗಿ ಕುಡಿಯಿರಿ.

ಏಕಾದಶಿಯೋ ಸಂಕಷ್ಟಿಯೋ ಉಪವಾಸವಿದ್ದು, ಶುಗರಿಗೆ ಗ್ಲಿಮಿಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ಕೂಡ ತೆಗೆದುಕೊಳ್ಳುವವರು ವೈದ್ಯರಿಗೆ ಮೊದಲೇ ಹೇಳಬೇಕು. ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಆ ಔಷಧಿಗಳ ಡೋಸ್ ತಗ್ಗಿಸಬೇಕಾಗಬಹುದು.

ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಈ ಇಂಜೆಕ್ಷನ್ ಕೂಡದು ಎಂಬುದು ತಪ್ಪು ತಿಳಿವಳಿಕೆ. ತಡೆ ಇರುವುದು ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ತಮಗೋ ಮನೆತನದಲ್ಲೋ ಇದ್ದವರಿಗೆ.

ಗರ್ಭ ಧರಿಸುವ ಯೋಚನೆಯಿದ್ದರೆ ಸೆಮಾಗ್ಲುಟೈಡ್ ಅನ್ನು ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಟಿರ್ಜೆಪಟೈಡ್ ಗರ್ಭನಿರೋಧಕ ಮಾತ್ರೆಯ ಬಲ ಕುಗ್ಗಿಸಬಲ್ಲದು. ಶುರು ಮಾಡಿದ ಮೇಲೂ, ಪ್ರತಿ ಸಲ ಡೋಸ್ ಏರಿಸಿದ ಮೇಲೂ ನಾಲ್ಕು ವಾರ ಕಾಂಡೋಮ್‌ನಂಥ ಬೇರೆ ಉಪಾಯ ಬೇಕು. ತೂಕ ಇಳಿದಾಗ ಮುಟ್ಟು ಸರಿಯಾಗಿ, ಬಯಸದೆ ಗರ್ಭ ನಿಲ್ಲುವುದೂ ಉಂಟು.

ಆಪರೇಷನ್ ಇದ್ದರೆ ಅರಿವಳಿಕೆ ಕೊಡುವ ವೈದ್ಯರಿಗೆ ಈ ಇಂಜೆಕ್ಷನ್ ವಿಷಯ ಮುಚ್ಚಿಡಬೇಡಿ. ರಾತ್ರಿಯಿಂದ ಉಪವಾಸವಿದ್ದರೂ ಜಠರದಲ್ಲಿ ಅನ್ನ ಉಳಿದಿರಬಹುದು, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು.

ಬೆನ್ನಿಗೆ ಇರಿದಂತೆ ಹಬ್ಬುವ, ಬಿಡದ ಮೇಲ್ಹೊಟ್ಟೆಯ ನೋವು ಬಂದರೆ ಗ್ಯಾಸ್ ಎಂದು ಕಷಾಯ ಕುಡಿದು ಬೆಳಗಿನವರೆಗೆ ಕಾಯಬೇಡಿ. ಮೇದೋಜೀರಕ ಗ್ರಂಥಿಯ ಉರಿಯೂತವೋ ಪಿತ್ತಕೋಶದ ಕಲ್ಲೋ ಇರಬಹುದು. ಇವು ಅಪರೂಪ, ಆದರೆ ನಮ್ಮಲ್ಲಿ ದೂರ ಹೆಚ್ಚು. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆಯುವವರೆಗೂ ಸಾಗರದ ಹತ್ತಿರದ ದಾರಿಯೆಂದರೆ ಲಾಂಚ್. ಸೇತುವೆ ಬಂದರೂ ಮೆಗ್ಗಾನ್ ಆಸ್ಪತ್ರೆ ಶಿವಮೊಗ್ಗದಲ್ಲೇ ಇದೆ. ತೀರ್ಥಹಳ್ಳಿಯವರು ಮಣಿಪಾಲದ ಆಸ್ಪತ್ರೆಗೆ ಹೋಗಲು ಆಗುಂಬೆ ಘಾಟಿ ಇಳಿಯಬೇಕು. ಔಷಧಿ ಶುರು ಮಾಡುವ ದಿನವೇ, ರಾತ್ರಿ ಹೊತ್ತು ತೊಂದರೆಯಾದರೆ ಯಾವ ಆಸ್ಪತ್ರೆ, ಯಾರ ಗಾಡಿ ಎಂದು ಮನೆಯಲ್ಲಿ ಮಾತಾಡಿಕೊಂಡಿರಿ.

ಬೊಜ್ಜು ಗುಣಪಡಿಸುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಗೋಡೆಯ ಮೇಲೋ ಮೊಬೈಲಿನಲ್ಲೋ ಅಂಥದ್ದು ಕಂಡರೆ ದೂರವಿರಿ. ಸೆಮಾಗ್ಲುಟೈಡ್‌ನದೇ ಇನ್ನೊಂದು ಬ್ರ್ಯಾಂಡ್ ಆದ ಒಜೆಂಪಿಕ್‌ನ ನಕಲಿಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರ ಜೂನ್‌ನಲ್ಲಿ ಎಚ್ಚರಿಕೆ ಹೊರಡಿಸಿತ್ತು. ವೈದ್ಯರ ಚೀಟಿ ಕೇಳುವ ಮೆಡಿಕಲ್‌ನಲ್ಲಿ ಬಿಲ್ ಸಮೇತ ಕೊಳ್ಳಿ, ಬ್ಯಾಚ್ ಸಂಖ್ಯೆ ನೋಡಿ. ಅಣ್ಣನ ಪೆನ್ನನ್ನು ತಂಗಿ ಬಳಸುವುದೂ ಬೇಡ, ಸೂಜಿ ಬದಲಿಸಿದರೂ ಪೆನ್ನಿನೊಳಗೆ ರಕ್ತದ ಸೋಂಕು ಸೇರಿರಬಹುದು.

ಬಳಸಿದ ಸೂಜಿ ಎಲ್ಲಿಗೆ ಹೋಗಬೇಕು? ಗೊಬ್ಬರದ ಗುಂಡಿಗೆ ಖಂಡಿತ ಬೇಡ. ಬರಿಗಾಲಲ್ಲಿ ತೋಟಕ್ಕೆ ಗೊಬ್ಬರ ಹೊರುವವರ ಪಾದಕ್ಕೆ ಅದು ಚುಚ್ಚುತ್ತದೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು, ಮುಚ್ಚಳಕ್ಕೆ ಟೇಪು ಸುತ್ತಿ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಒಯ್ದು, ಅಲ್ಲಿ ಸೂಜಿಗಳಿಗೆಂದೇ ಇರುವ ಬಿಳಿ ಡಬ್ಬಕ್ಕೆ ಹಾಕಿಸಿ.