ನೆಲದೊಳಗಿನ ದನಿ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಲೋಹಶೋಧಕವನ್ನು ಹಿಡಿದು ಹೊಲ ಸುತ್ತುವುದು ಅನೇಕರ ಹವ್ಯಾಸ. ಯಂತ್ರ ಅಗ್ಗದ್ದಾದರೆ ಫಲವೂ ಅಲ್ಪವೆಂದು ಬಗೆಯಬೇಕಾಗಿಲ್ಲ. ಅದರ ತುದಿಯ ತಂತಿಸುರುಳಿಯು ಹೊಮ್ಮಿಸುವ ಕಾಂತಕ್ಷೇತ್ರವು ನೆಲದಲ್ಲಿ ಹುದುಗಿದ ಲೋಹದಲ್ಲಿ ವಿದ್ಯುತ್ತಿನ ಸಣ್ಣ ಪ್ರವಾಹವನ್ನು ಎಬ್ಬಿಸುತ್ತದೆ. ಅದರ ಮಾರ್ದನಿಯೇ ನಮಗೆ ಕೇಳುವ ಸದ್ದು. ಆಳ ಹೆಚ್ಚಿದಂತೆ ಇದು ಬಹುಬೇಗ ಕ್ಷೀಣಿಸುವುದರಿಂದ ಸುರುಳಿಯನ್ನು ನೆಲಕ್ಕೆ ತಾಗಿಯೂ ತಾಗದಂತೆ, ಸಮಾಂತರವಾಗಿ, ನಿಧಾನವಾಗಿ ಬೀಸಬೇಕು. ಒಂದು ಬೀಸು ಹಿಂದಿನದರ ಅರ್ಧವನ್ನಾದರೂ ಮತ್ತೆ ಆವರಿಸಬೇಕು. ಸೂಕ್ಷ್ಮತೆಯ ತಿರುಪನ್ನು ಕೊನೆಮುಟ್ಟ ತಿರುಗಿಸುವ ಆಸೆ ಸಹಜ. ಯಂತ್ರ ವೃಥಾ ಗೊಣಗತೊಡಗಿದರೆ ಅದನ್ನು ಇಳಿಸುವುದೇ ಜಾಣತನ. ಕಸದ ಲೋಹವನ್ನು ಸೋಸಿಬಿಡುವ ಗುಂಡಿಯನ್ನಂತೂ ನಾನು ನೆಚ್ಚಲಾರೆ: ಸಿಗರೇಟು ಪೊಟ್ಟಣದ ಬೇಗಡೆಯೂ ತೆಳುವಾದ ಚಿನ್ನದುಂಗುರವೂ ಅಗ್ಗದ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ.

ಇನ್ನು, ಸದ್ದು ಕೇಳಿದ ಮೇಲಿನ ಮಾತು. 1992ರ ನವೆಂಬರಿನಲ್ಲಿ, ಸಫಕ್ ಪ್ರಾಂತದ ಹಾಕ್ಸನ್ ಗ್ರಾಮದಲ್ಲಿ ಎರಿಕ್ ಲಾಸ್ ಎಂಬವರು ಹುಡುಕಲು ಹೋದದ್ದು ಗೆಳೆಯನೊಬ್ಬ ಕಳೆದುಕೊಂಡ ಸುತ್ತಿಗೆಯನ್ನು. ದೊರೆತದ್ದು ರೋಮನ್ ಕಾಲದ ಸುಮಾರು 15,000 ನಾಣ್ಯಗಳಿದ್ದ ನಿಧಿ. ಅವರು ಅಗೆಯುವುದನ್ನು ನಡುವೆಯೇ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದರು. ಆದುದರಿಂದಲೇ, ಪುರಾತತ್ತ್ವಜ್ಞರು ಉಳಿದುದನ್ನು ಬಿಡಿಸಿದಾಗ ಮರದ ಪೆಟ್ಟಿಗೆಯ ಕುರುಹೂ, ಒಳಗೆ ಒಡವೆಗಳನ್ನು ಯಾರೋ ಜೋಡಿಸಿಟ್ಟಿದ್ದ ಕ್ರಮವೂ ಕೆಡದೆ ಕಾಣಿಸಿದವು. ಸುತ್ತಿಗೆಯೂ ಸಿಕ್ಕಿತೆನ್ನಿ, ಅದೂ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು.