ಮತದಾರನ ಜೇಬೂ ಅಭ್ಯರ್ಥಿಯ ಮುಖವೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಅಧ್ಯಕ್ಷರನ್ನು ಗೆಲ್ಲಿಸುವುದು ಮತದಾರನ ಜೇಬೋ, ಅಭ್ಯರ್ಥಿಯ ಮುಖವೋ? ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ ಈ ಚರ್ಚೆಯೆದ್ದಾಗ ನಾನು ಮುಖದ ಪಕ್ಷ ವಹಿಸಿದೆ. ಮಹಾಯುದ್ಧದ ಸೇನಾನಿ ಐಸೆನ್‌ಹೋವರ್ 1956ರಲ್ಲಿ 48 ಸಂಸ್ಥಾನಗಳ ಪೈಕಿ 41ರಲ್ಲಿ ಗೆದ್ದರು. ಅದೇ ದಿನ ಅದೇ ಮತದಾರರು ಕಾಂಗ್ರೆಸ್ಸಿನ ಉಭಯ ಸದನಗಳಲ್ಲಿಯೂ ಬಹುಮತವನ್ನು ಎದುರುಪಕ್ಷಕ್ಕೆ ಕೊಟ್ಟರು. ಜನರು ಒಲಿದದ್ದು ಪಕ್ಷಕ್ಕಲ್ಲ, ವ್ಯಕ್ತಿಗೆ ಎಂಬುದಕ್ಕೆ ಬೇರೆ ಸಾಕ್ಷ್ಯವೇಕೆ ಎಂದು ನಾನು ಬೀಗಿದ್ದೆ.

1992ರ ಚುನಾವಣೆಯ ವೃತ್ತಾಂತವನ್ನು ಓದಿದ ಮೇಲೆ ಆ ಬೀಗು ಇಳಿಯಿತು. 1991ರಲ್ಲಿ ಕೊಲ್ಲಿ ಯುದ್ಧ ಮುಗಿದಾಗ ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 89 ಮಂದಿ ಹಿರಿಯ ಜಾರ್ಜ್ ಬುಷ್ ಅವರ ಆಡಳಿತವನ್ನು ಮೆಚ್ಚಿದ್ದರು. ಇಪ್ಪತ್ತು ತಿಂಗಳು ಕಳೆಯುವಷ್ಟರಲ್ಲಿ ಅವರಿಗೆ ಬಿದ್ದ ಮತ ನೂರಕ್ಕೆ 38ಕ್ಕೂ ಕಡಿಮೆ! ಮೂರನೆಯ ಅಭ್ಯರ್ಥಿ ಪೆರೋ ಸುಮಾರು 19 ಪಾಲನ್ನು ಪಡೆದರೆಂಬುದೂ ನಿಜವೇ. ಆದರೆ ಜನರ ಮನಸ್ಸು ಕಹಿಯಾದದ್ದು ನಿರುದ್ಯೋಗದಿಂದ. ಇಲ್ಲೊಂದು ವಿಚಿತ್ರವಿದೆ. ಆರ್ಥಿಕ ಹಿಂಜರಿತವು 1991ರ ಮಾರ್ಚ್ ತಿಂಗಳಲ್ಲಿಯೇ ಮುಗಿದಿತ್ತೆಂದು ತಜ್ಞರ ಸಮಿತಿಯು ಸಾರಿದ್ದು 1992ರ ಡಿಸೆಂಬರಿನಲ್ಲಿ, ಅಂದರೆ ಬುಷ್ ಸೋತ ಮರುತಿಂಗಳು. ಲೆಕ್ಕದಲ್ಲಿ ಚೇತರಿಕೆಯಿದ್ದರೂ ನಿರುದ್ಯೋಗವು ಏರುತ್ತಲೇ ಹೋಗಿ 1992ರ ಜೂನಿನಲ್ಲಿ ಶೇಕಡಾ 7.8ನ್ನು ಮುಟ್ಟಿತ್ತು. ಕೆಲಸ ಕಳೆದುಕೊಂಡವನಿಗೆ ಸಮಿತಿಯ ಲೆಕ್ಕದಿಂದೇನು?

ಹಾಗಾದರೆ ನಿರುದ್ಯೋಗವಿದ್ದಲ್ಲೆಲ್ಲ ಅಧ್ಯಕ್ಷರು ಸೋಲಬೇಕಷ್ಟೆ? ಹಾಗೂ ಇಲ್ಲ. 1933ರಲ್ಲಿ ದುಡಿಯುವವರಲ್ಲಿ ಸುಮಾರು ಕಾಲುಭಾಗಕ್ಕೆ ಕೆಲಸವಿರಲಿಲ್ಲ. 1936ರ ವೇಳೆಗೂ ಲಕ್ಷಾಂತರ ಮಂದಿ ನಿರುದ್ಯೋಗಿಗಳೇ. ಆದರೂ ಆ ವರ್ಷ ರೂಸ್‌ವೆಲ್ಟ್ 46 ಸಂಸ್ಥಾನಗಳನ್ನು ಗೆದ್ದರು. ಮತದಾರನು ಕಷ್ಟದ ಮೊತ್ತವನ್ನು ಅಳೆಯುವುದಿಲ್ಲ; ಕಷ್ಟ ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದನ್ನು ನೋಡುತ್ತಾನೆ.

ಬೆಲೆಯ ವಿಷಯದಲ್ಲಿ ಮಾತ್ರ ಈ ಸೂತ್ರವೂ ತೊಡಕಾಗುತ್ತದೆ. ಅಲ್ಲಿನ ಹಣದುಬ್ಬರ 2022ರ ಜೂನಿನಲ್ಲಿ ಶೇಕಡಾ 9.1 ಇದ್ದುದು 2024ರ ಚುನಾವಣೆಯ ವೇಳೆಗೆ 3ಕ್ಕಿಂತ ಕೆಳಗಿಳಿದಿತ್ತು. ಆದರೆ ಹಣದುಬ್ಬರ ಇಳಿಯಿತೆಂದರೆ ಬೆಲೆ ಇಳಿಯಿತೆಂದಲ್ಲ. ಏರುವ ವೇಗ ತಗ್ಗಿತೆಂದಷ್ಟೇ. ಅಂಗಡಿಗೆ ಹೋದ ಗೃಹಿಣಿ ನಾಲ್ಕು ವರ್ಷದ ಹಿಂದಿನ ಮೊಟ್ಟೆಯ ಬೆಲೆಯನ್ನು ಮರೆತಿರಲಿಲ್ಲ. ಆಡಳಿತ ಪಕ್ಷದ ಹ್ಯಾರಿಸ್ ಸೋತರು.

ಜನಪ್ರಿಯತೆಯು ಜೇಬಿನಿಂದ ಬೇರೆಯಾಗಿ ನಿಲ್ಲುವ ವಸ್ತುವಲ್ಲ ಎಂಬಷ್ಟನ್ನು ಈಗ ಒಪ್ಪುತ್ತೇನೆ. ಜೇಬಿನ ಪರವಾಗಿ ವಾದಿಸಿದ ಗೆಳೆಯನಿಗೂ ಅದನ್ನು ಹೇಳಿದೆ. ಆದರೆ 1968ರಲ್ಲಿ ಅಲ್ಲಿನ ನಿರುದ್ಯೋಗ ಶೇಕಡಾ 4ಕ್ಕೂ ಕಡಿಮೆಯಿದ್ದರೂ ವಿಯಟ್ನಾಂ ಯುದ್ಧದಿಂದ ಬೇಸತ್ತ ಜನರು ಆಡಳಿತ ಪಕ್ಷವನ್ನು ಏಕೆ ಇಳಿಸಿದರೆಂಬ ನನ್ನ ಪ್ರಶ್ನೆಗೆ ಅವನು ಇನ್ನೂ ಉತ್ತರ ಕೊಟ್ಟಿಲ್ಲ.